ಎಸ್.ಪಿ. ರೋಡಿನಲ್ಲಿ ಪಾಲಾದ ಹಾರ್ಡ್‌ಡಿಸ್ಕ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಸೋದರಮಾವನನ್ನು ಕೇಳಿದ: "ಮಾವ, ಕೋಡಿಂಗೂ ಆಗ್ಬೇಕು, ಗೇಮೂ ಓಡ್ಬೇಕು. ಯಾವ ಓಎಸ್ ಹಾಕ್ಲಿ?" ಮಾವ ಓಎಸ್ ಹೆಸರು ಬಿಟ್ಟು ಬೆಂಗಳೂರಿನ ಎಸ್.ಪಿ. ರೋಡಿನ ಕಥೆ ತೆಗೆದ.

2000ದ ಆಸುಪಾಸು. ಕಿರಿದಾದ ಮೆಟ್ಟಿಲು ಹತ್ತಿದರೆ ಅಸೆಂಬ್ಲರ್ ಒಬ್ಬರ ಅಂಗಡಿ. ಬೆಸುಗೆಯ ರಾಳದ ಹೊಗೆಗೆ ದೇವರ ಫೋಟೋದ ಊದುಬತ್ತಿ ಬೆರೆತ ಆ ವಾಸನೆ ಮಾವನ ಮೂಗಿನಲ್ಲಿ ಇನ್ನೂ ಇದೆ. ಯಜಮಾನರು ಬೂಟ್ ಫ್ಲಾಪಿ ತುರುಕಿ, ಎಫ್‌ಡಿಸ್ಕ್ ತೆರೆದು ಹಾರ್ಡ್‌ಡಿಸ್ಕನ್ನು ಪಾಲು ಮಾಡುತ್ತಿದ್ದರು. "ಕಲಿಯೋಕೊಂದು, ಕುಣಿಯೋಕೊಂದು." ಮೊದಲು ವಿಂಡೋಸ್ 98, ಆಮೇಲೆ ಲಿನಕ್ಸ್. ಹಿಂದುಮುಂದಾದರೆ ವಿಂಡೋಸ್ ಬೂಟ್ ದಾಖಲೆಯನ್ನು ಅಳಿಸಿ ತನ್ನದನ್ನೇ ಬರೆದುಕೊಳ್ಳುತ್ತಿತ್ತು. ಎರಡರಲ್ಲಿ ಯಾವುದೆಂದು ಕೇಳುವ ಕೆಲಸ ಲೈಲೋ ಎಂಬ ಬೂಟ್‌ಲೋಡರ್‌ನದು. ಅದು ಕೈಕೊಟ್ಟರೆ ಪರದೆಯ ಮೇಲೆ 'ಎಲ್', 'ಐ' ಎಂಬ ಎರಡೇ ಅಕ್ಷರ ಮೂಡಿ ಯಂತ್ರ ಸ್ತಬ್ಧ.

ಇನ್‌ಸ್ಟಾಲೇಶನ್ ಚಾರ್ಜಿನ ಮೇಲೆ ಚೌಕಾಸಿ ನಡೆಯಿತು. ಯಜಮಾನರ ಕಣ್ಣು ಮಾವನ ಕೈಲಿದ್ದ, ಪತ್ರಿಕೆಯೊಂದಿಗೆ ಬಂದ ರೆಡ್ ಹ್ಯಾಟ್ ಸಿಡಿಯ ಮೇಲೆ ಬಿತ್ತು. "ಇದನ್ನ ಕಾಪಿ ಮಾಡ್ಕೋತೀನಿ, ಲಿನಕ್ಸ್ ಹಾಕೋದು ಫ್ರೀ." ಆ ಅಂಗಡಿಯಲ್ಲಿ ಕಾನೂನುಬದ್ಧವಾಗಿ ಕಾಪಿಯಾದ ಸಿಡಿ ಬಹುಶಃ ಅದೊಂದೇ! ವಿಂಡೋಸಿನ ಕೀಲಿಯೋ, ಸಿಡಿಯ ಮೇಲೆ ಮಾರ್ಕರ್‌ನಲ್ಲಿ ಗೀಚಿದ್ದು. ಲೈಸೆನ್ಸ್ ಕೇಳುವವರೂ ಇರಲಿಲ್ಲ, ಕೊಡುವವರೂ ಇರಲಿಲ್ಲ. ಈಗ ಆ ಕಾಲವನ್ನು ಹೊಗಳುವವರು ಈ ಕಳ್ಳತನವನ್ನು ಮಾತ್ರ ನುಂಗಿಕೊಳ್ಳುತ್ತಾರೆ.

ಲಿನಕ್ಸೂ ಸುಖದ ಸುಪ್ಪತ್ತಿಗೆಯಾಗಿರಲಿಲ್ಲ. ವಿಂಡೋಸನ್ನೇ ನೆಚ್ಚಿದ ಅಗ್ಗದ ವಿನ್‌ಮೋಡೆಮ್ ಅದರಲ್ಲಿ ಜೀವ ತಳೆಯುತ್ತಲೇ ಇರಲಿಲ್ಲ. ಸಿ ಪ್ರೋಗ್ರಾಮನ್ನು ಜಿಸಿಸಿಯಲ್ಲಿ ಕಂಪೈಲ್ ಮಾಡುವಾಗ ಬಂದ ಎರರ್‌ಗೆ ಇಂಟರ್ನೆಟ್‌ನಲ್ಲಿ ಪರಿಹಾರ ಹುಡುಕಲು ವಿಂಡೋಸಿಗೆ ರೀಬೂಟ್. 'ಏಜ್ ಆಫ್ ಎಂಪೈರ್ಸ್'ಗೂ ರೀಬೂಟ್. 'ಬರಹ'ದಲ್ಲಿ ಕನ್ನಡ ಟೈಪ್ ಮಾಡಲೂ ರೀಬೂಟ್. 'ಕ್ವೇಕ್ 3' ಲಿನಕ್ಸಿಗೆ ಬಂದಿತ್ತು ನಿಜ, ಆದರೆ ಲಿನಕ್ಸಿಗೆ ಆಟಗಳನ್ನು ಒಗ್ಗಿಸುತ್ತಿದ್ದ ಲೋಕಿ ಕಂಪನಿ 2002ರಲ್ಲಿ ಬಾಗಿಲು ಹಾಕಿತು.

ಆಮೇಲಿನದು ಓಟ. 2004ರಲ್ಲಿ ಉಬುಂಟು ಬಂತು, ಅದರ ಸಿಡಿ ಪುಕ್ಕಟೆಯಾಗಿ ಅಂಚೆಯಲ್ಲಿ ಮನೆಗೇ ಬರುತ್ತಿತ್ತು. 2016ರಲ್ಲಿ ವಿಂಡೋಸ್ ತನ್ನ ಹೊಟ್ಟೆಯೊಳಗೇ ಡಬ್ಲ್ಯುಎಸ್ಎಲ್ ಹೆಸರಿನಲ್ಲಿ ಲಿನಕ್ಸಿಗೆ ಜಾಗ ಮಾಡಿಕೊಟ್ಟಿತು. 2018ರಲ್ಲಿ ವಾಲ್ವ್ ಕಂಪನಿಯ ಪ್ರೋಟಾನ್ ಬಂದು ವಿಂಡೋಸ್ ಆಟಗಳು ಲಿನಕ್ಸಿನಲ್ಲಿ ಓಡತೊಡಗಿದವು. 2022ರ ಸ್ಟೀಮ್ ಡೆಕ್ ನಡೆಯುವುದೇ ಲಿನಕ್ಸಿನ ಮೇಲೆ.

ಹಾಗಾದರೆ ಗೋಳು ಏನು? ಅಂದು ಓಎಸ್ ಆರಿಸುತ್ತಿದ್ದವನು ಯಂತ್ರದ ಒಡೆಯ. ಇಂದು ಗಟ್ಟಿಮುಟ್ಟಾದ ಕಂಪ್ಯೂಟರೂ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲವೆಂಬ ಕಾರಣಕ್ಕೆ ವಿಂಡೋಸ್ 11ರ ಹೊಸ್ತಿಲಲ್ಲೇ ನಿಲ್ಲುತ್ತದೆ. 'ವ್ಯಾಲರಂಟ್' ಆಟದಲ್ಲಿ ಮೋಸ ತಡೆಯುವ ಕಾವಲುಗಾರ ವ್ಯಾನ್‌ಗಾರ್ಡ್ ಕರ್ನಲ್‌ನಲ್ಲೇ ಕೂರುತ್ತದೆ, ಲಿನಕ್ಸಿಗೆ ಬಾಗಿಲು ತೆಗೆಯುವುದಿಲ್ಲ. ಒಂದು ಆಟಕ್ಕಾಗಿ ಇಡೀ ಯಂತ್ರದ ಬೀಗದಕೈ ಒಪ್ಪಿಸುವುದನ್ನು ಆಯ್ಕೆ ಎನ್ನಲು ನಾಲಿಗೆ ಬಾರದು.

'ವ್ಯಾಲರಂಟ್' ಬಿಡಲಾಗದವರು ವಿಂಡೋಸ್ 11 ಹಾಕಿಕೊಂಡು, ಅದರೊಳಗೆ ಡಬ್ಲ್ಯುಎಸ್ಎಲ್‌ನಲ್ಲಿ ಕೋಡ್ ಬರೆಯಲಿ. ಮಿಕ್ಕವರು ತಮ್ಮ ಆಟ ಪ್ರೋಟಾನ್‌ನಲ್ಲಿ ಓಡುತ್ತದೆಯೇ ನೋಡಿಕೊಂಡು ಲಿನಕ್ಸಿಗೆ ಹೋಗಬಹುದು. ಎರಡೂ ಬೇಕೆನ್ನುವವರು ಒಂದೇ ಡಿಸ್ಕನ್ನು ಪಾಲು ಮಾಡದೆ ಎರಡು ಎಸ್ಎಸ್‌ಡಿ ಹಾಕಿಸಿಕೊಳ್ಳಲಿ. ಬ್ಯಾಕಪ್ ತೆಗೆಯದೆ ಮಾತ್ರ ಯಾವುದಕ್ಕೂ ಕೈ ಹಾಕಬೇಡಿ.