ಕೊಂಡವರನ್ನೇ ಕೇಳಿ

ನನಗೆ ಮೋಟಾರು ನಡೆಸಲು ಬಾರದು. ನಮ್ಮ ಮನೆತನದಲ್ಲಿ ಮೋಟಾರು ಇಟ್ಟವರೂ ಇಲ್ಲ. ಹೀಗಿದ್ದೂ ಅಮೆರಿಕದ ಸಿರಿವಂತರ ಮೋಟಾರೊಂದರ ಚರಿತ್ರೆಯನ್ನು ಬರೆಯಲು ಕುಳಿತಿದ್ದೇನೆಂದರೆ ಓದುಗರು ನಕ್ಕಾರು. ಆದರೆ ಪ್ಯಾಕರ್ಡ್ ಎಂಬ ಆ ಹೆಸರಿಗೂ ನನಗೂ ಇರುವ ಪರಿಚಯ ಅರವತ್ತೈದು ವರ್ಷಗಳಿಗೂ ಹಿಂದಿನದು. ಪರಿಚಯ ಮಾಡಿಸಿದುದು ಒಂದು ಹಾಳೆ ರದ್ದಿ ಕಾಗದ.

ಮೈಸೂರಿನಲ್ಲಿ ನಮ್ಮ ತಂದೆಯವರಿಗೆ ಕಾಫಿ ಪುಡಿಯ ಅಂಗಡಿಯಿತ್ತು. ಪುಡಿಯನ್ನು ಶುಭ್ರವಾದ ಕಾಗದದಲ್ಲಿ ಕಟ್ಟಿ, ಮೇಲೊಂದು ರದ್ದಿ ಹಾಳೆ ಸುತ್ತಿ ದಾರ ಬಿಗಿಯುವುದು ಅಲ್ಲಿನ ರೂಢಿ. ಹಳೆಯ ಅಮೆರಿಕನ್ ಪತ್ರಿಕೆಗಳ ದಪ್ಪನೆಯ ನುಣುಪು ಹಾಳೆಗಳೆಂದರೆ ತಂದೆಯವರಿಗೆ ಅಕ್ಕರೆ. ಪುಡಿಯ ಘಮ ಹೊರಕ್ಕೆ ಹೋಗದು ಎನ್ನುತ್ತಿದ್ದರು. 1958ರಲ್ಲಿ, ನನಗೆ ಹನ್ನೆರಡು ವರ್ಷವಾಗಿದ್ದಾಗ, ಶಾಲೆ ಬಿಟ್ಟ ಮೇಲೆ ಆ ಹಾಳೆಗಳನ್ನು ಅಳತೆಗೆ ಹರಿದು ಜೋಡಿಸುವ ಕೆಲಸ ನನ್ನದು. ಒಂದು ಹಾಳೆಯಲ್ಲಿ ಉದ್ದ ಮೂತಿಯ ಕಪ್ಪು ಮೋಟಾರಿನ ಚಿತ್ರವಿತ್ತು. ಬೆಲೆಯ ಮಾತಿಲ್ಲ, ಹೊಗಳಿಕೆಯ ಆರ್ಭಟವಿಲ್ಲ. ಕೆಳಗೆ ಒಂದು ಸಾಲು ಮಾತ್ರ. ಆಗತಾನೆ ಕಲಿಯುತ್ತಿದ್ದ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದೆ. ಇದನ್ನು ಕೊಂಡಿರುವವನನ್ನೇ ಕೇಳಿ ನೋಡಿ ಎಂದು ಅದರ ಅರ್ಥ.

ತಂದೆಯವರಿಗೆ ಹೇಳಿದೆ. ಅವರು ತಕ್ಕಡಿಯಿಂದ ಕಣ್ಣೆತ್ತಿ ನಕ್ಕರು. ಏಕೆಂದರೆ ಅದು ಅವರದೇ ಮಾತು. ಹೊಸ ಗಿರಾಕಿ ಬಂದು, “ಪುಡಿ ಹೇಗಿದೆ, ಸ್ವಾಮಿ?” ಎಂದು ಕೇಳಿದರೆ ತಂದೆಯವರು ತಾವಾಗಿ ಉತ್ತರ ಕೊಡುತ್ತಿರಲಿಲ್ಲ. ಬೆಂಚಿನ ಮೇಲೆ ಕಾದು ಕುಳಿತ ಹಳೆಯ ಗಿರಾಕಿಯತ್ತ ಕೈ ತೋರಿಸಿ, “ಅವರನ್ನೇ ಕೇಳಿ” ಎನ್ನುತ್ತಿದ್ದರು. ಆ ಹಾಳೆಯನ್ನು ಅವರು ಪೊಟ್ಟಣಕ್ಕೆ ಬಳಸಗೊಡಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಸರಿಯನ್ನು ಸವರಿ ಅಂಟಿಸಿದರು. ಮೇಲೆ ಲಕ್ಷ್ಮಿಯ ಪಟ, ಕೆಳಗೆ ಅಮೆರಿಕದ ಮೋಟಾರು!

ಆ ವರ್ಷವೇ ಆ ಮೋಟಾರು ಕಣ್ಮುಚ್ಚುತ್ತಿತ್ತೆಂಬುದು ತಂದೆಗೂ ತಿಳಿಯದು, ಮಗನಿಗೂ ತಿಳಿಯದು.

ಬಹುಕಾಲದ ಮೇಲೆ, 2018ರ ಶರತ್ಕಾಲದಲ್ಲಿ, ಮಗಳ ಮನೆಗೆಂದು ಮಿಷಿಗನ್ನಿಗೆ ಹೋಗಿದ್ದೆ. ಒಂದು ಭಾನುವಾರ ಅಳಿಯಂದಿರು, “ಮಾವ, ಡೆಟ್ರಾಯಿಟಿನಲ್ಲಿ ನೀವು ನೋಡಬೇಕೆಂದಿರುವುದು ಏನಾದರೂ ಉಂಟೆ?” ಎಂದು ಕೇಳಿದರು. “ಪ್ಯಾಕರ್ಡ್ ಕಾರ್ಖಾನೆ” ಎಂದೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು; ಕಾರಣ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಈಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ಎಂಬ ಅಗಲವಾದ ಬೀದಿಯ ಎರಡು ಪಕ್ಕಗಳಲ್ಲಿಯೂ ಸಾಲುಸಾಲಾಗಿ ಕಾಂಕ್ರೀಟಿನ ಮಹಡಿಗಳು. ಒಂದು ಕಿಟಕಿಯಲ್ಲಿಯೂ ಗಾಜಿಲ್ಲ. ತಾರಸಿಯ ಮೇಲೆ ಮರಗಳು ಬೆಳೆದಿವೆ. ಬೀದಿಯ ಈ ಬದಿಯ ಕಟ್ಟಡವನ್ನು ಆ ಬದಿಯದಕ್ಕೆ ಜೋಡಿಸುವ ಸೇತುವೆಯೊಂದು ತಲೆಯ ಮೇಲೆ ನಿಂತಿತ್ತು. ಒಂದು ಕಾಲಕ್ಕೆ 35 ಲಕ್ಷ ಚದರ ಅಡಿಗಳಷ್ಟು ವಿಸ್ತಾರವಾಗಿದ್ದ ಕಾರ್ಖಾನೆಯಂತೆ ಅದು. ಹಾಳೂರನ್ನು ನಾವು ನೋಡದವರೇನಲ್ಲ. ಆದರೆ ಇಲ್ಲಿ ಯಾವ ದಂಡೂ ಬಂದಿರಲಿಲ್ಲ. ಅಳಿಯಂದಿರು ನನ್ನನ್ನು ಗಾಡಿಯಿಂದ ಇಳಿಯಗೊಡಲಿಲ್ಲ. ನಾವು ಬಂದ ಕೆಲವೇ ತಿಂಗಳುಗಳಲ್ಲಿ, 2019ರ ಜನವರಿಯಲ್ಲಿ, ಆ ಸೇತುವೆ ಕುಸಿದು ಬೀದಿಗೆ ಬಿತ್ತು. 2022ರಲ್ಲಿ ನಗರಾಡಳಿತದವರು ಉಳಿದುದನ್ನು ಕೆಡವತೊಡಗಿದರು.

ಗೋಡೆಯ ಮೇಲಿನ ಆ ಹಾಳೆಗೂ ಈ ಹಾಳಿಗೂ ನಡುವೆ ಏನು ನಡೆಯಿತೆಂದು ತಿಳಿಯದೆ ನನಗೆ ಸಮಾಧಾನವಾಗಲಿಲ್ಲ. ಡೆಟ್ರಾಯಿಟಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮೋಟಾರಿನ ಇತಿಹಾಸಕ್ಕೆಂದೇ ಒಂದು ಭಂಡಾರವಿದೆ. ಅಲ್ಲಿ ಕೆಲವು ದಿನ ಕುಳಿತೆ.

ಪ್ಯಾಕರ್ಡ್ ಹುಟ್ಟಿದುದೇ ಒಬ್ಬ ಗಿರಾಕಿಯ ಅಸಮಾಧಾನದಿಂದ. ಓಹಾಯೋ ಸಂಸ್ಥಾನದ ವಾರೆನ್ ಎಂಬ ಊರಿನಲ್ಲಿ ಜೇಮ್ಸ್ ವಾರ್ಡ್ ಪ್ಯಾಕರ್ಡ್ ಎಂಬ ಎಂಜಿನಿಯರೂ ಅವರ ಅಣ್ಣ ವಿಲಿಯಮ್ಮರೂ ವಿದ್ಯುದ್ದೀಪಗಳನ್ನು ತಯಾರಿಸುತ್ತಿದ್ದರು. 1898ರಲ್ಲಿ ಜೇಮ್ಸರು ಕ್ಲೀವ್‌ಲೆಂಡಿಗೆ ಹೋಗಿ ಅಲೆಗ್ಸಾಂಡರ್ ವಿಂಟನ್ ಎಂಬವರ ಮೋಟಾರೊಂದನ್ನು ಕೊಂಡರು. ಮನೆಗೆ ತರುವ ದಾರಿಯಲ್ಲಿಯೇ ಅದು ಕೆಟ್ಟು ನಿಂತು, ಕುದುರೆ ಕಟ್ಟಿ ಎಳೆಸಬೇಕಾಯಿತಂತೆ. ದೂರು ಹೇಳಲು ಹೋದಾಗ ವಿಂಟನ್ನರು, ಅಷ್ಟು ಬಲ್ಲವರಾದರೆ ನೀವೇ ಒಂದನ್ನು ಮಾಡಿಕೊಳ್ಳಬಾರದೇಕೆ ಎಂಬ ಅರ್ಥದಲ್ಲಿ ಸಿಡುಕಿದರೆಂದು ಕಥೆ. ಗಿರಾಕಿಯೊಡನೆ ಸಿಡುಕಬಾರದೆಂದು ನಮ್ಮ ತಂದೆಯವರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಪ್ಯಾಕರ್ಡರು ವಿಂಟನ್ನರ ಆಳುಗಳಿಬ್ಬರನ್ನೇ ಸೇರಿಸಿಕೊಂಡು ಗಾಡಿ ಕಟ್ಟಿದರು. 1899ರ ನವೆಂಬರ್ 6ರಂದು ಅದು ವಾರೆನ್ನಿನ ಬೀದಿಯಲ್ಲಿ ಓಡಿತು. ವಿಂಟನ್ನರ ಮೋಟಾರು 1924ರಲ್ಲಿ ನಿಂತುಹೋಯಿತು.

ಆ ಪ್ರಸಿದ್ಧವಾದ ಸಾಲಿನ ಹುಟ್ಟೂ ಸೊಗಸಾಗಿದೆ. ಯಾರೋ ಒಬ್ಬರು ನಿಮ್ಮ ಗಾಡಿಯ ಗುಣವೇನೆಂದು ಕಾಗದ ಬರೆದು ಕೇಳಿದರು. ಅಚ್ಚುಹಾಕಿಸಿದ ವಿವರಣೆ ಯಾವುದೂ ಇರಲಿಲ್ಲ. ಕೊಂಡವರನ್ನು ಕೇಳಿಕೊಳ್ಳುವಂತೆ ಬರೆದುಬಿಡಿ ಎಂದು ಜೇಮ್ಸರು ಗುಮಾಸ್ತರಿಗೆ ಹೇಳಿದರಂತೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಮಾತೇ ಕಂಪನಿಯ ಬಿರುದಾಯಿತು.

ಡೆಟ್ರಾಯಿಟಿನ ಧನಿಕ ಹೆನ್ರಿ ಜಾಯ್ ಅವರು ನ್ಯೂಯಾರ್ಕಿನ ಬೀದಿಯಲ್ಲಿ ಎರಡು ಪ್ಯಾಕರ್ಡುಗಳನ್ನು ಕಂಡರು. ಬೆಂಕಿ ಆರಿಸುವ ಗಾಡಿಯೊಂದು ಗಂಟೆ ಬಾರಿಸುತ್ತ ಹೋದಾಗ ಅವೆರಡೂ ಒಂದೇ ಸುತ್ತು ಹಿಡಿಕೆ ತಿರುವಿದೊಡನೆ ಚಾಲೂ ಆಗಿ ಅದರ ಹಿಂದೆ ಓಡಿದುವಂತೆ. ಮೋಟಾರಿನ ಮುಂದೆ ನಿಂತು ಹಿಡಿಕೆಯೊಡನೆ ಸೆಣಸಾಡುತ್ತಿದ್ದ ಆ ಕಾಲದಲ್ಲಿ ಇದು ಪವಾಡ. ಜಾಯ್ ಮತ್ತು ಅವರ ಮಿತ್ರರು ಬಂಡವಾಳ ಹೂಡಿ 1903ರಲ್ಲಿ ಕಂಪನಿಯನ್ನು ಡೆಟ್ರಾಯಿಟಿಗೆ ತಂದರು. ನಾನು ಕಂಡ ಕಟ್ಟಡಗಳನ್ನು ರೂಪಿಸಿದವರು ಆಲ್ಬರ್ಟ್ ಕಾನ್. 1905ರಲ್ಲಿ ಅವರು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಿಂದ ಕಟ್ಟಿದ ಹತ್ತನೆಯ ನಂಬರಿನ ಕಟ್ಟಡ ಅಮೆರಿಕದ ಮೋಟಾರು ಕಾರ್ಖಾನೆಗಳಿಗೆ ಮೇಲ್ಪಂಕ್ತಿಯಾಯಿತು.

ಆಮೇಲಿನ ಮೂವತ್ತು ವರ್ಷಗಳ ವೈಭವವನ್ನು ಎಷ್ಟೆಂದು ಬರೆಯಲಿ! 1915ರಲ್ಲಿ ಹನ್ನೆರಡು ಸಿಲಿಂಡರುಗಳ ಗಾಡಿ ಬಂದಿತು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗರು ಪ್ರಮಾಣವಚನ ಸ್ವೀಕರಿಸಲು ಹೋದುದು ಅಂಥ ಗಾಡಿಯಲ್ಲಿ. ಅದಕ್ಕೆ ಮೊದಲು ಯಾವ ಅಧ್ಯಕ್ಷರೂ ಆ ಸಮಾರಂಭಕ್ಕೆ ಮೋಟಾರಿನಲ್ಲಿ ಹೋದವರಲ್ಲ. ಸಿರಿವಂತರ ವಿರೋಧಿಯಾದ ಸ್ಟಾಲಿನ್ನರಿಗೂ ಸಿರಿವಂತರ ಈ ಮೋಟಾರು ಪ್ರಿಯವಾಗಿತ್ತು. ಯುದ್ಧದ ಕೊನೆಯಲ್ಲಿ ರಷ್ಯನ್ನರು ತಮ್ಮ ನಾಯಕರಿಗಾಗಿ ಕಟ್ಟಿದ ಜಿಸ್-110 ಎಂಬ ಗಾಡಿ ಪ್ಯಾಕರ್ಡಿನ ಪಡಿಯಚ್ಚಿನಂತಿದ್ದಿತು. ಪ್ಯಾಕರ್ಡಿನ ಮುಂಭಾಗದ ಜಾಲರಿಯ ಮೇಲಂಚು ಎತ್ತಿನ ನೊಗದಂತೆ ಬಾಗಿರುತ್ತಿತ್ತು. ವರ್ಷ ವರ್ಷ ಮಾದರಿ ಬದಲಾದರೂ ಆ ನೊಗ ಬದಲಾಗದು. ದೂರದಿಂದ ಬರುವಾಗಲೇ ಮನೆತನ ಗುರುತು ಸಿಕ್ಕಬೇಕು.

ಜೇಮ್ಸ್ ಪ್ಯಾಕರ್ಡರಿಗೆ ಗಡಿಯಾರಗಳ ಹುಚ್ಚು. ತಮ್ಮ ಊರಾದ ವಾರೆನ್ನಿನ ಮೇಲಿನ ಆಕಾಶದಲ್ಲಿ ನಕ್ಷತ್ರಗಳು ಹೇಗೆ ಕಾಣುವುವೋ ಹಾಗೆಯೇ ತೋರಿಸುವ ಜೇಬುಗಡಿಯಾರವೊಂದನ್ನು ಸ್ವಿಟ್ಜರ್ಲೆಂಡಿನ ಪಟೆಕ್ ಫಿಲಿಪ್ ಕಂಪನಿಯವರಿಂದ ಮಾಡಿಸಿಕೊಂಡರು. ಅದು ಕೈಸೇರಿದ ಮರುವರ್ಷವೇ, 1928ರಲ್ಲಿ, ತೀರಿಕೊಂಡರು. ಅದರ ಮುಂದಿನ ವರ್ಷ ಬಂದ ಮಹಾ ಮುಗ್ಗಟ್ಟನ್ನು ನೋಡುವ ಹಣೆಬರಹ ಅವರದಾಗಲಿಲ್ಲ.

ಆಗ ಅಮೆರಿಕದ ಕುಲೀನ ಮೋಟಾರುಗಳೆಂದರೆ ಮೂರು: ಪ್ಯಾಕರ್ಡ್, ಪಿಯರ್ಸ್-ಆರೋ, ಪಿಯರ್‌ಲೆಸ್. ಇಂಗ್ಲಿಷಿನಲ್ಲಿ ಮೂರಕ್ಕೂ ಮೊದಲ ಅಕ್ಷರ ಒಂದೇ. ಮುಗ್ಗಟ್ಟಿನ ಕಾಲದಲ್ಲಿ ಹಣವುಳ್ಳವನೂ ದೊಡ್ಡ ಮೋಟಾರಿನಲ್ಲಿ ಓಡಾಡಲು ನಾಚುತ್ತಿದ್ದ. ಪಿಯರ್‌ಲೆಸ್ 1931ರಲ್ಲಿ ಮೋಟಾರು ಕಟ್ಟುವುದನ್ನು ನಿಲ್ಲಿಸಿತು. ಪಾನನಿಷೇಧ ಮುಗಿದ ಮೇಲೆ ಅದರ ಕಾರ್ಖಾನೆಯಲ್ಲಿ ಬೀರು ಕಾಯಿಸಿದರು. ಪಿಯರ್ಸ್-ಆರೋ ಅಗ್ಗದ ಗಾಡಿಗೆ ಕೈಹಾಕದೆ, ತನ್ನ ಅಂತಸ್ತಿನಲ್ಲಿಯೇ ಇದ್ದು, 1938ರಲ್ಲಿ ಮುಳುಗಿತು. ಪ್ಯಾಕರ್ಡಿನ ಅಧ್ಯಕ್ಷರಾದ ಆಲ್ವನ್ ಮೆಕಾಲಿಯವರು ಬೇರೆ ದಾರಿ ಹಿಡಿದರು. 1935ರಲ್ಲಿ ‘ನೂರಿಪ್ಪತ್ತು’ ಎಂಬ ಗಾಡಿಯನ್ನು ತಂದರು. ಅದರ ಬೆಲೆ 980 ಡಾಲರುಗಳಿಂದ ಆರಂಭ. ಅದಕ್ಕೆ ಹಿಂದಿನ ವರ್ಷ ಅತ್ಯಂತ ಅಗ್ಗದ ಪ್ಯಾಕರ್ಡಿಗೂ ಅದರ ಎರಡರಷ್ಟಕ್ಕಿಂತ ಹೆಚ್ಚು ಕೊಡಬೇಕಾಗಿತ್ತು. 1937ರಲ್ಲಿ ಬೆಲೆ ಇನ್ನೂ ಇಳಿದು 795 ಡಾಲರಿನ ಗಾಡಿ ಬಂದಿತು. ನೊಗದ ಆಕಾರದ ಅದೇ ಮೂತಿ, ಅದೇ ಹೆಸರು. ಜನ ಮುಗಿಬಿದ್ದರು. ಆ ಒಂದು ವರ್ಷದ ಮಾದರಿಯವೇ 1,20,000ಕ್ಕೂ ಹೆಚ್ಚು ತಯಾರಾದುವು. ಕಂಪನಿ ಉಳಿಯಿತು.

ಆದರೆ ಇಲ್ಲಿಂದಲೇ ಕೇಡು ಮೊದಲಾಯಿತೆಂದು ಹೇಳುವ ಚರಿತ್ರಕಾರರು ಅನೇಕರಿದ್ದಾರೆ. ನೆರೆಮನೆಯ ಗುಮಾಸ್ತನೂ ಪ್ಯಾಕರ್ಡಿನಲ್ಲಿ ಹೋಗುವುದಾದರೆ ಬ್ಯಾಂಕಿನ ಯಜಮಾನ ಏಕೆ ಪ್ಯಾಕರ್ಡನ್ನು ಕೊಂಡಾನು? ಕ್ಯಾಡಿಲಾಕಿನವರು ಇದರಲ್ಲಿ ಜಾಣರು. ತಮ್ಮ ಅಗ್ಗದ ಗಾಡಿಗೆ ಲಾಸಾಲ್ ಎಂದು ಬೇರೆ ಹೆಸರಿಟ್ಟು, 1940ರವರೆಗೆ ಮಾರಿ, ಕೆಲಸವಾದ ಮೇಲೆ ಆ ಹೆಸರನ್ನೇ ಕೈಬಿಟ್ಟರು. ಅವರ ಮಾತೃಹೆಸರಿಗೆ ಧೂಳು ತಗಲಲಿಲ್ಲ.

ಈ ಪುಟವನ್ನು ಓದುತ್ತಿದ್ದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಮನೆಯ ವಿಚಾರವನ್ನು ಇಲ್ಲಿ ಹೇಳಲೇಬೇಕಾಗಿದೆ. 1965ರಲ್ಲಿ ತಂದೆಯವರ ದೃಷ್ಟಿ ಮಂದವಾಗಿ ಅಂಗಡಿ ಅಣ್ಣನ ಕೈಗೆ ಬಂದಿತು. ಅದೇ ಬೀದಿಯಲ್ಲಿ ಚಿಕೋರಿ ಧಾರಾಳವಾಗಿ ಬೆರೆಸಿ ಅರ್ಧ ಬೆಲೆಗೆ ಮಾರುವವರು ಬಂದಿದ್ದರು. ಅಣ್ಣನೂ ಎರಡನೆಯ ದರ್ಜೆಯ ಪುಡಿಯನ್ನು ತಂದ. ಅದೇ ಹೆಸರು, ಅದೇ ಪೊಟ್ಟಣ. ಕಟ್ಟುವ ದಾರ ಮಾತ್ರ ಕೆಂಪು. ವ್ಯಾಪಾರ ಮೂರರಷ್ಟಾಯಿತು. ತಂದೆಯವರು ಏನೂ ಆಡಲಿಲ್ಲ. ಅಂಗಡಿಗೆ ಬಂದು ಕೂರುವುದನ್ನು ನಿಲ್ಲಿಸಿದರು. ಬೆಂಚಿನ ಮೇಲಿನ ಹಳೆಯ ಗಿರಾಕಿಗಳೂ ಒಬ್ಬೊಬ್ಬರಾಗಿ ಬಾರದಾದರು. 1984ರಲ್ಲಿ ಅಂಗಡಿ ಮುಚ್ಚಿತು. ಅಪ್ಪನ ಹೆಸರನ್ನು ಕೆಡಿಸಿದವನು ಅಣ್ಣ ಎಂದು ನಾನು ನಂಟರಿಷ್ಟರ ಮುಂದೆ ಎಷ್ಟೋ ಸಲ ಆಡಿದ್ದೇನೆ. ಅವನ ಮುಂದೆ ಆಡಿದವನಲ್ಲ.

ಪ್ಯಾಕರ್ಡಿನ ಕಥೆಗೆ ಬರುತ್ತೇನೆ. ಕೆಟ್ಟಿದ್ದು ಹೆಸರು ಮಾತ್ರ, ಕೈಗಾರಿಕೆಯಲ್ಲ ಎಂಬುದಕ್ಕೆ ಯುದ್ಧವೇ ಸಾಕ್ಷಿ. ರೋಲ್ಸ್ ರಾಯ್ಸಿನವರ ಮರ್ಲಿನ್ ಎಂಬ ವಿಮಾನದ ಎಂಜಿನನ್ನು ಅಮೆರಿಕದಲ್ಲಿ ತಯಾರಿಸಲು ಫೋರ್ಡರು ಒಲ್ಲೆನೆಂದಾಗ, 1940ರಲ್ಲಿ ಒಪ್ಪಿಕೊಂಡವರು ಪ್ಯಾಕರ್ಡಿನವರು. ಇಂಗ್ಲಿಷರ ನಕ್ಷೆಗಳನ್ನೆಲ್ಲ ತಮ್ಮ ಪದ್ಧತಿಗೆ ಹೊಂದುವಂತೆ ಹೊಸದಾಗಿ ಬರೆದುಕೊಂಡು 55,000ಕ್ಕೂ ಹೆಚ್ಚು ಎಂಜಿನುಗಳನ್ನು ಕಟ್ಟಿಕೊಟ್ಟರು. ಮಸ್ಟಾಂಗ್ ಯುದ್ಧವಿಮಾನಗಳು ಬರ್ಲಿನ್ನಿನವರೆಗೆ ಹಾರಿದುದು ಈ ಎಂಜಿನಿನ ಬಲದಿಂದ.

ಯುದ್ಧ ಮುಗಿದ ಮೇಲೆ ಮಾತ್ರ ಒಂದರ ಮೇಲೊಂದು ಎಡವು. 1948ರ ಉಬ್ಬಿದ ಮಾದರಿಯನ್ನು ಜನ ಬಸುರಿ ಆನೆ ಎಂದು ಹಾಸ್ಯ ಮಾಡಿದರು. 1949ರಲ್ಲಿ ಕ್ಯಾಡಿಲಾಕ್ ಹೊಸ ಬಗೆಯ ವಿ-ಎಂಟು ಎಂಜಿನನ್ನು ಹೂಡಿತು. ಪ್ಯಾಕರ್ಡಿಗೆ ಅಂಥದು ಬಂದುದು 1955ಕ್ಕೆ. ಗಾಡಿಯ ಒಡಲನ್ನು ಕಟ್ಟಿಕೊಡುತ್ತಿದ್ದ ಹೊರಗಿನ ಕಾರ್ಖಾನೆಯನ್ನು ಪ್ರತಿಸ್ಪರ್ಧಿಯಾದ ಕ್ರೈಸ್ಲರ್ ಕೊಂಡುಬಿಟ್ಟಿತು. ಆಗ ಇಕ್ಕಟ್ಟಾದ ಬೇರೊಂದು ಕಟ್ಟಡದಲ್ಲಿ ತಾವೇ ಒಡಲು ಕಟ್ಟಲು ಹೋಗಿ 1955ರ ಗಾಡಿಗಳ ಕೆಲಸ ಕಳಪೆಯಾಯಿತು. ಕೊಂಡವರನ್ನು ಕೇಳಿ ಎಂದವರಿಗೆ ಕೊಂಡವರು ಉತ್ತರ ಹೇಳತೊಡಗಿದರು! 1954ರಲ್ಲಿ ಸ್ಟೂಡಬೇಕರ್ ಕಂಪನಿಯೊಡನೆ ಸಂಬಂಧ ಬೆಳೆಸಿದರು. ಅವರ ಲೆಕ್ಕಪತ್ರದ ಒಳಗುಟ್ಟು ತಿಳಿದುದು ಮದುವೆಯಾದ ಮೇಲೆ. ಅಗ್ಗದ ಗಾಡಿಗೆ ಕ್ಲಿಪ್ಪರ್ ಎಂದು ಬೇರೆ ಹೆಸರಿಡುವ ಬುದ್ಧಿಯೂ ಆಗ ಬಂದಿತು, ಇಪ್ಪತ್ತು ವರ್ಷ ತಡವಾಗಿ. 1956ರ ಜೂನ್ 25ರಂದು ಡೆಟ್ರಾಯಿಟಿನಲ್ಲಿ ಕೊನೆಯ ಪ್ಯಾಕರ್ಡ್ ಹೊರಬಂದಿತು. ಆಮೇಲಿನ ಎರಡು ವರ್ಷ ಇಂಡಿಯಾನಾ ಸಂಸ್ಥಾನದಲ್ಲಿ ಸ್ಟೂಡಬೇಕರ್ ಗಾಡಿಗೇ ಪ್ಯಾಕರ್ಡ್ ಎಂಬ ಫಲಕ ತೊಡಿಸಿ ಮಾರಿದರು. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. 1958ರಲ್ಲಿ ಅದೂ ನಿಂತಿತು.

ಊರಿಗೆ ಬಂದ ಮೇಲೆ ಅಣ್ಣನನ್ನು ನೋಡಲು ಹೋದೆ. ಅವನಿಗೆ ಎಂಬತ್ತು ದಾಟಿತ್ತು. ಕಥೆಯನ್ನೆಲ್ಲ ಹೇಳಿದೆ, ಏಕೆ ಹೇಳುತ್ತಿದ್ದೇನೆಂದು ಅವನಿಗೆ ಹೊಳೆಯದಿರುವುದೆ? ಕಣ್ಣು ಮುಚ್ಚಿ ಕೇಳಿದ.

“ಆ ಮೂವರಲ್ಲಿ ಅಗ್ಗದ್ದು ಮಾಡದೆ ಮರ್ಯಾದೆ ಉಳಿಸಿಕೊಂಡವರು ಯಾರು ಅಂದೆ?”

“ಪಿಯರ್ಸ್-ಆರೋ.”

“ಎಷ್ಟರಲ್ಲಿ ಮುಚ್ಚಿದರು?”

“1938ರಲ್ಲಿ.”

“ಇವರು?”

“1958ರಲ್ಲಿ.”

“ಇಪ್ಪತ್ತು ವರ್ಷ” ಎಂದ. “ಅಷ್ಟು ವರ್ಷ ಎಷ್ಟು ಜನ ಆಳುಗಳ ಮನೆಯಲ್ಲಿ ಒಲೆ ಉರಿದಿರಬೇಕು, ಲೆಕ್ಕ ಹಾಕಿದೆಯೇನೋ?” ಸ್ವಲ್ಪ ತಡೆದು, “ಲಕ್ಷ್ಮಿಯ ಮದುವೆ ಆದದ್ದು 1966ರಲ್ಲಿ. ನಿನ್ನ ಕಾಲೇಜಿನ ಫೀಸು ಕಟ್ಟಿದ್ದೂ ಆ ವರ್ಷವೇ” ಎಂದ. ದನಿಯಲ್ಲಿ ಕೋಪವಿರಲಿಲ್ಲ.

“ಅಲ್ಲ ಅಣ್ಣ, ಕೆಂಪು ದಾರದ ಪುಡಿಗೆ ಬೇರೆ ಹೆಸರು ಇಡಬಹುದಾಗಿತ್ತಲ್ಲ?” ಎಂದೆ. ಐವತ್ತು ವರ್ಷಗಳಿಂದ ಗಂಟಲಿನಲ್ಲಿದ್ದ ಮಾತು.

“ಬೇರೆ ಹೆಸರು ಇಟ್ಟಿದ್ದರೆ ಯಾರು ಬರುತ್ತಿದ್ದರು? ಅವರು ಕೊಂಡದ್ದು ಪುಡಿಯನ್ನಲ್ಲ ಕಣೋ, ಅಪ್ಪನ ಹೆಸರನ್ನು. ಅದು ನನಗೆ ಗೊತ್ತಿಲ್ಲದೆ ಇತ್ತೇ?”

ನಾನು ಮಾತನಾಡಲಿಲ್ಲ. ಗೋಡೆಯ ಮೇಲಿನ ಹಾಳೆ ಏನಾಯಿತೆಂದು ಕೇಳಿದೆ. ಅಂಗಡಿ ಖಾಲಿ ಮಾಡಿದ ದಿನ ಅದನ್ನು ಸುಲಿದು ತರಲು ಹೋದನಂತೆ. ಗೋಡೆಯ ಸುಣ್ಣದೊಡನೆ ಚೂರುಚೂರಾಗಿ ಬಂದಿತಂತೆ. ಮೋಟಾರಿನ ಮೂತಿಯಿದ್ದ ತುಂಡು ಸ್ವಲ್ಪ ಕಾಲ ಪೆಟ್ಟಿಗೆಯಲ್ಲಿತ್ತಂತೆ, ಆಮೇಲೆ ಅದೂ ಕಾಣಲಿಲ್ಲವಂತೆ.

ಅತ್ತಿಗೆ ಎರಡು ಲೋಟ ಕಾಫಿ ತಂದಿಟ್ಟರು. ಪುಡಿ ಯಾವ ಅಂಗಡಿಯದೆಂದು ನಾನು ಕೇಳಲಿಲ್ಲ.