ಉಣಕಲ್ ಕೆರೆಯ ದಂಡೆಯಲ್ಲಿ ಮಾತ್ರೆ ಬಿಟ್ಟವರು

ನಸುಕಿನಲ್ಲಿ ಉಣಕಲ್ ಕೆರೆಯ ದಂಡೆಗೆ ಹೋದರೆ ಅರ್ಧ ಹುಬ್ಬಳ್ಳಿಯೇ ಅಲ್ಲಿ ನೆರೆದಿದೆಯೇನೋ ಎನ್ನಿಸುತ್ತದೆ. ಕೊರಳಿಗೆ ಮಫ್ಲರ್, ಕಾಲಿಗೆ ಬೂಟು, ಬಾಯಲ್ಲಿ ಎರಡೇ ಮಾತು: ಮಳೆ ಮತ್ತು ‘ಶುಗರ್’.

ಈ ಗುಂಪಿನಲ್ಲಿ ಐವತ್ತೈದರ ತಂದೆಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ತೂಕ ಇಳಿಸಿ, ಅನ್ನ ಕಡಿಮೆ ಮಾಡಿ, ನಿತ್ಯ ನಡೆದು, ವೈದ್ಯರ ಒಪ್ಪಿಗೆಯಿಂದಲೇ ಮಾತ್ರೆ ನಿಲ್ಲಿಸಿದವರು. ಸಂತೋಷಪಡಬೇಕಾದ ಮನುಷ್ಯನಿಗೆ ಈಗ ನಿದ್ದೆ ಇಲ್ಲ. ಇಷ್ಟು ದಿನ ಕಾವಲಿಗೆ ಮಾತ್ರೆ ಇತ್ತು; ಈಗ ಆ ಕಾವಲು ತಮ್ಮ ಮೇಲೆಯೇ ಬಿತ್ತೆಂಬ ಭಾವ. ದಿನಕ್ಕೆ ಐದಾರು ಸಲ ಬೆರಳು ಚುಚ್ಚಿಕೊಳ್ಳುತ್ತಾರೆ. ಕಾಲೇಜಿಗೆ ಹೊರಟ ಮಗಳ ಕಣ್ಣಿಗೆ ಇದು ಬೀಳದಿರುತ್ತದೆಯೇ?

‘‘ಅಪ್ಪಾ, ಮತ್ತ ಚುಚ್ಚಿಕೊಂಡ್ರೇನು? ಈಗಷ್ಟ ನೋಡಿದ್ರಲ್ಲಾ!’’

‘‘ಕೈ ನಡುಗಾಕತ್ತಾವ ನೋಡವಾ...’’

ಕೈ ನಡುಗಿದ್ದು ಸುಳ್ಳಲ್ಲ. ಆದರೆ ಸಕ್ಕರೆ ಇಳಿದಾಗ ಬರುವ ನಡುಕ, ಬೆವರು, ಎದೆಬಡಿತವೇ ಹೆದರಿಕೆಯಲ್ಲೂ ಬರುತ್ತದೆ. ಹೆದರಿದಾಗ ಹರಿಯುವ ಅಡ್ರಿನಲಿನ್ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ಅಂಕಿ ತುಸು ಏರುತ್ತದೆ; ಏರಿದ್ದು ನೋಡಿ ಹೆದರಿಕೆಯೂ ಏರುತ್ತದೆ.

ಒಂದು ಹೊತ್ತಿನ ಅಂಕಿಗಿಂತ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಹೆಚ್ಚು ಬೆಲೆ. ಔಷಧಿ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಅದು ಶೇಕಡಾ 6.5ರ ಕೆಳಗಿದ್ದರೆ ಅದನ್ನು ‘ಉಪಶಮನ’ ಎನ್ನಬಹುದೆಂದು 2021ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಒಮ್ಮತಕ್ಕೆ ಬಂದರು. ‘ಗುಣವಾಯಿತು’ ಎಂದು ಅವರು ಹೇಳಲಿಲ್ಲ. ಕಾಯಿಲೆ ಮರಳಬಹುದು, ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಬೇಕು. ಮತ್ತೆ ಮಾತ್ರೆ ಬೇಕಾದರೆ ಅದು ನಾಪಾಸಾದಂತಲ್ಲ. ಇನ್ನು ಯಾರನ್ನೂ ಕೇಳದೆ ಮಾತ್ರೆ ಬಿಟ್ಟವರ ಮಾತೇ ಬೇರೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಅದನ್ನು ಮನಸ್ಸಿನ ಮೇಲೆ ಹಾಕಿ ಕೂರಬಾರದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಉಣಕಲ್ಲಿನಿಂದ ಚಿಗರಿ ಬಸ್ಸು ಹತ್ತಿದರೆ ಧಾರವಾಡ ದೂರವೇನಲ್ಲ. ಅಲ್ಲಿ ಲೈನ್ ಬಜಾರದ ಪೇಢೆಯ ವಾಸನೆ ಇಂಥವರ ಪರೀಕ್ಷೆಗೇ ಕಾದಂತಿರುತ್ತದೆ. ಅದಕ್ಕಿಂತ ಕಠಿಣ ಪರೀಕ್ಷೆ ಇದೇ ಊರಿನ ಇನ್ನೊಂದು ಬಾಗಿಲು. ಬ್ರಿಟಿಷರ ಕಾಲದ ಮನೋರೋಗಿಗಳ ಆಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿದೆ. ಆದರೂ ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕ ಕಳಸಬೇಕು ಇವನ್ನ’ ಎಂಬ ಕುಚೋದ್ಯ ಸತ್ತಿಲ್ಲ. ಈ ಒಂದು ಮಾತಿಗಾಗಿ ಎಷ್ಟು ಮಂದಿ ತಮ್ಮ ಆತಂಕವನ್ನು ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ! ಬಾಗಿಲು ದಾಟಲು ಸಂಕೋಚವಾದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯವರದೂ ಒಂದು ಪಾಲಿದೆ. ಊಟದ ತಾಟಿನ ಮೇಲೆ ಪೊಲೀಸರಂತೆ ಕಣ್ಣಿಟ್ಟರೆ ಅಪ್ಪ ಕದ್ದು ತಿನ್ನುತ್ತಾರೆ, ಕದ್ದು ಚುಚ್ಚಿಕೊಳ್ಳುತ್ತಾರೆ. ವಾರಕ್ಕೆ ಎಷ್ಟು ಸಲ ನೋಡಬೇಕೆಂದು ವೈದ್ಯರನ್ನೇ ಕೇಳಿ, ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟರೆ ಉಳಿದ ದಿನ ಯಂತ್ರಕ್ಕೂ ಬಿಡುವು. ಮಗಳು ಅದನ್ನು ಕಪಾಟಿನಲ್ಲಿಟ್ಟು ಚಪ್ಪಲಿ ಮೆಟ್ಟಿ ಹೇಳಬಹುದು:

‘‘ಬರ್ರಿ ಅಪ್ಪಾ, ಇವತ್ತ ನಾನೂ ಕೆರಿಗೆ ಬರ್ತೀನಿ.’’