ಚಿನ್ನದ ಗಣಿ ಬಿಟ್ಟು ನಾಟಕ ಹಿಡಿದವರು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗೋ ರೈಲಲ್ಲಿ ಯಾರನ್ನಾದ್ರೂ ಕೇಳಿ. ಕೆಜಿಎಫ್ ಅಂದ್ರೆ ಸಿನಿಮಾ ಅಂತಾರೆ, ಇಲ್ಲಾ ಸೈನೈಡ್ ದಿಬ್ಬ ಅಂತಾರೆ. ನಾಟಕದ ಟಿ.ಪಿ. ಕೈಲಾಸಂ ಇಲ್ಲಿ ಕೆಲಸ ಮಾಡಿದ್ದರು ಅಂದ್ರೆ ಮಾತ್ರ ಮುಖ ಮುಖ ನೋಡ್ತಾರೆ!

ಕೈಲಾಸಂ ಓದಿದ್ದು ಭೂವಿಜ್ಞಾನ, ಅದೂ ಲಂಡನ್ನಿನಲ್ಲಿ. ಅಲ್ಲಿ ಪಾಠದ ಜೊತೆಗೆ ನಾಟಕ, ಹಾಡು, ಹಾಸ್ಯ ಎಲ್ಲವನ್ನೂ ತಲೆಗೆ ತುಂಬಿಕೊಂಡು 1915ರಲ್ಲಿ ಊರಿಗೆ ಬಂದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ. ಆ ನೌಕರಿಯೇ ಅವರನ್ನ ಕೆಜಿಎಫ್‌ಗೆ ಕರೆತಂದದ್ದು. ಕೆಲವೇ ವರ್ಷ ಅಷ್ಟೆ, ಆಮೇಲೆ ಕೆಲಸಕ್ಕೆ ಶರಣು ಹೊಡೆದು ನಾಟಕಕ್ಕೆ ಇಳಿದುಬಿಟ್ಟರು. 'ಟೊಳ್ಳು ಗಟ್ಟಿ', 'ಹೋಂ ರೂಲು', 'ಬಹಿಷ್ಕಾರ', 'ಪೋಲಿ ಕಿಟ್ಟಿ'... ಜೊತೆಗೆ ಇಂಗ್ಲಿಷಿನಲ್ಲಿ ಕರ್ಣ, ಏಕಲವ್ಯರ ಮೇಲೆ ನಾಟಕಗಳು. ಕೂತು ಬರೆಯೋ ಜಾಯಮಾನ ಅವರದ್ದಲ್ಲ. ಅವರು ಅಭಿನಯಿಸುತ್ತಾ ಹೇಳ್ತಿದ್ರು, ಗೆಳೆಯರು ಬರೆದುಕೊಳ್ತಿದ್ರು. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 1946ರಲ್ಲಿ ತೀರಿಕೊಂಡರು.

ಅವರ ಪಾತ್ರಗಳು ಅರ್ಧ ಇಂಗ್ಲಿಷು ಅರ್ಧ ಕನ್ನಡ ಮಾತಾಡ್ತವೆ ಅಂತ ಬೇರೆಯವರು ನಗ್ತಾರೆ. ತಮಿಳು, ತೆಲುಗು, ಕನ್ನಡ, ಇಂಗ್ಲಿಷು ನಾಲ್ಕನ್ನೂ ಒಂದೇ ವಾಕ್ಯದಲ್ಲಿ ಬೆರೆಸೋ ನಮ್ಮೂರಿನವರಿಗೆ ಅದೇನು ವಿಶೇಷ ಅಲ್ಲ ಬಿಡಿ :)

ನಮ್ಮಪ್ಪ ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗೆ ಇಳಿದು ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಕೆಲಸ ಹೋಯ್ತು. ನಾಟಕದ ಹುಚ್ಚು ಹತ್ತಿದ್ದ ನನಗೆ ಆಗ ಅವರು ಹೇಳಿದ್ದು ಒಂದೇ ಮಾತು: "ಮೊದ್ಲು ಒಂದು ಕೆಲ್ಸ ಹಿಡಿ ಮಗಾ, ಆಮೇಲೆ ಬಣ್ಣ ಹಚ್ಕೊ." ಕೈಲಾಸಂ ಕಥೆ ಹೇಳಿದ್ರೆ, "ಆಫೀಸರ್ ಕೆಲ್ಸಾನ ಬಿಟ್ಟುಬಿಟ್ಟರಾ?" ಅಂತ ಸುಮ್ಮನಾದರು. ಆ ಸುಮ್ಮನಿರುವಿಕೆಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಕೈಲಾಸಂ ಅಪ್ಪ ಜಡ್ಜ್ ಆಗಿದ್ದವರು. ಬೀಳೋಕೆ ಒಂದು ಮೆತ್ತೆ ಇತ್ತು ಅನ್ನಿ. ನಮ್ಮ ಕಾಲೋನಿ ಹುಡುಗರಿಗೆ ಅದಿಲ್ಲ. ಎಷ್ಟೋ ಕೈಲಾಸಂಗಳು ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗಿ ರಾತ್ರಿ ಸುಸ್ತಾಗಿ ಬರ್ತಾರೆ. ಆದ್ರೂ ಒಂದು ಮಾತು... ಇಲ್ಲಿಂದ ತೆಗೆದ ಚಿನ್ನ ಎಲ್ಲೆಲ್ಲಿಗೋ ಹೋಯ್ತು, ನಮಗೆ ಉಳಿದದ್ದು ದಿಬ್ಬ. ಅವರು ಕೆಲಸ ಬಿಟ್ಟು ಕಟ್ಟಿದ ನಾಟಕ ಮಾತ್ರ ಇವತ್ತಿಗೂ ಯಾವ ಶಾಲೆಯ ಮಕ್ಕಳು ಬೇಕಾದ್ರೂ ಆಡಬಹುದು.

ನಮ್ಮೂರಲ್ಲಿ ಅವರ ಹೆಸರಿನದ್ದೊಂದು ಪುಟ್ಟ ರಂಗಮಂದಿರ ಆಗಬೇಕು. ಏನಂತೀರಿ?